ಪೋಂಡಾದ ಹೆಂಚಿನ ಮನೆಯ ಸೂರಿನ ದೋಣಿ: ತೊಳೆಯಲು ಹತ್ತಿ, ಬದಲಿಸಿ ಇಳಿದ ಲೆಕ್ಕ

ಮನೆ ಗೋವಾದ ಪೋಂಡಾದಲ್ಲಿ. ಚಿರೇಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಒಂದೇ ಅಂತಸ್ತು. ಮುಂದಿನ ಸೂರು 36 ಅಡಿ ಉದ್ದ. ಅದರ ಕೆಳಗೆ 160 ಮಿ.ಮೀ. ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಮಾಡಿದ, ಮಾಡಿನ ಮಳೆನೀರು ಹಿಡಿಯುವ ದೋಣಿ, ನೆಲದಿಂದ 9 ಅಡಿ ಮೇಲೆ. ಪೂರ್ವದ ತುದಿಯಲ್ಲಿ 75 ಮಿ.ಮೀ.ನ ಒಂದೇ ಒಂದು ಇಳಿಪೈಪು. ಎರಡು ಮಳೆಗಾಲದಿಂದ ದೂರು ಒಂದೇ: ಮಳೆ ಜೋರಾದಾಗ ದೋಣಿ ನಡುಮಧ್ಯೆ ಉಕ್ಕುತ್ತದೆ, ನೀರು ಹಿಂಬದಿಯಿಂದ ಗೋಡೆಗಿಳಿಯುತ್ತದೆ, ಒಳಗೆ ಕಿಟಕಿಯ ಮೇಲೆ ಸುಣ್ಣ ಉಬ್ಬಿ ಉದುರುತ್ತದೆ. ಎಲೆ ಕಟ್ಟಿದೆ ಎಂದುಕೊಂಡು ಎರಡು ವರ್ಷವೂ ತೊಳೆದದ್ದಾಯಿತು. ಉಕ್ಕುವುದು ನಿಲ್ಲಲಿಲ್ಲ.

ಗೋವಾದ ಅಂಗಡಿಗಳಲ್ಲಿ ಬರೀ ‘ಗಟರ್’ ಎಂದರೆ ರಸ್ತೆ ಬದಿಯ ಚರಂಡಿ ಎಂದೇ ತಿಳಿಯುತ್ತಾರೆ. ‘ರೇನ್ ಗಟರ್’ ಎನ್ನಬೇಕು. ಮರಾಠಿ ಬಲ್ಲವರಿಗೆ ‘ಪನ್ಹಳ’ ಎಂದರೂ ಆಯಿತು. ಇಲ್ಲಿ ದೋಣಿ ಎಂದೇ ಬರೆದಿದೆ.

ಮೇ 3, 2025, ಶನಿವಾರ: ಕಸ ತೆಗೆದದ್ದು

ಬೆಳಿಗ್ಗೆ 7ಕ್ಕೆ ಶುರು. ಹತ್ತರ ನಂತರ ಹೆಂಚಿನ ಕಾವಿಗೆ ಸೂರಿನ ಹತ್ತಿರ ನಿಲ್ಲಲಾಗುವುದಿಲ್ಲ.

ಏಣಿ ಬಿದಿರಿನದು, 12 ಅಡಿ. ಅಲ್ಯೂಮಿನಿಯಂ ಏಣಿ ಬೇಡ ಎಂದದ್ದಕ್ಕೆ ಕಾರಣ ಕಂಬದಿಂದ ಬರುವ ವಿದ್ಯುತ್ ತಂತಿ. ಹಳೆಯ ಮನೆಗಳಲ್ಲಿ ಅದು ಸೂರಿನ ಮೂಲೆಗೇ ಬಂದು ಸೇರುತ್ತದೆ. ಆ ಮೂಲೆಯ ನಾಲ್ಕು ಅಡಿಯಲ್ಲಿ ಕೆಲಸ ಮಾಡುವಾಗ ವಿದ್ಯುತ್ ಇಲಾಖೆಗೆ ಹೇಳಿ ಲೈನ್ ಬಂದ್ ಮಾಡಿಸಿಕೊಳ್ಳಬೇಕು. ಮನೆಯ ಮೇನ್ ಸ್ವಿಚ್ ಇಳಿಸಿದರೆ ಆ ತಂತಿ ಸತ್ತಿರುವುದಿಲ್ಲ, ಇದನ್ನು ಬಹಳ ಜನ ಮರೆಯುತ್ತಾರೆ. ಏಣಿಯ ತಲೆಗೆ ಗೋಣಿಚೀಲ ಸುತ್ತಿ ಗೋಡೆಗೆ ಒರಗಿಸಬೇಕು, ದೋಣಿಗೆ ಎಂದೂ ಒರಗಿಸಬಾರದು. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡ ಹೊರಗಿರಬೇಕು; 9 ಅಡಿಗೆ ಎರಡೂಕಾಲು ಅಡಿ.

ಕಸ ಎತ್ತಲು ಐದು ಲೀಟರ್ ಎಣ್ಣೆ ಡಬ್ಬಿಯನ್ನು ಓರೆಯಾಗಿ ಕತ್ತರಿಸಿ ಮೊರದಂತೆ ಮಾಡಿಕೊಂಡದ್ದು. ದೋಣಿಯ ಗುಂಡನೆಯ ತಳಕ್ಕೆ ಅದು ಸರಿಯಾಗಿ ಕೂರುತ್ತದೆ. ಥಾಪಿಯ ಮೂಲೆ ತಾಗಿದರೆ ಪಿವಿಸಿ ಗೀರಿಕೊಳ್ಳುತ್ತದೆ, ಬಿಸಿಲು ತಿಂದ ಹಳೆಯ ಪಿವಿಸಿ ಬಿರುಕೇ ಬಿಡುತ್ತದೆ. ಕೈಗೆ ರಬ್ಬರ್ ಗ್ಲೌಸ್ ಕಡ್ಡಾಯ. ದೋಣಿಯಲ್ಲಿ ಇಲಿಯ ಹಿಕ್ಕೆ, ಮೂತ್ರ ಇದ್ದೇ ಇರುತ್ತದೆ, ಆ ಮೂತ್ರದಿಂದ ಹರಡುವ ಇಲಿಜ್ವರ ಕೈಯ ಸಣ್ಣ ಗಾಯದಿಂದಲೂ ಬರುತ್ತದೆ. ಹೆಂಚಿನಡಿ ಎರಡು ಕಡೆ ಕಣಜದ ಗೂಡು ಕಂಡವು. ಅವನ್ನು ಹಿಂದಿನ ದಿನ ಸಂಜೆ ಹೊಗೆ ಹಾಕಿ ಬಿಡಿಸಿಟ್ಟದ್ದರಿಂದ ತೊಂದರೆಯಾಗಲಿಲ್ಲ.

ಕಸ ಒಣಗಿರುವಾಗಲೇ ತೆಗೆಯಬೇಕು. ಮೊದಲೇ ನೀರು ಬಿಟ್ಟರೆ ಅದೆಲ್ಲ ರಾಡಿಯಾಗಿ ಇಳಿಪೈಪಿನ ಬಾಗಿನಲ್ಲಿ ಕೂತುಬಿಡುತ್ತದೆ. ಇಳಿಪೈಪಿನ ಬಾಯಿಗೆ ಹಳೇ ಬಟ್ಟೆ ತುರುಕಿ, ಅಲ್ಲಿಂದಲೇ ಆರಂಭಿಸಿ ಪಶ್ಚಿಮಕ್ಕೆ ಸರಿದದ್ದು. ಸಿಕ್ಕದ್ದು ಎರಡೂವರೆ ಗೋಣಿಚೀಲ. ಮೇಲಿನ ಪದರ ಮಾವಿನೆಲೆ ಮತ್ತು ಮಾವಿನ ಹೂವಿನ ಕಡ್ಡಿ. ನಡುವೆ ಗುಲ್‌ಮೊಹರಿನ ಸಣ್ಣೆಲೆ ಕಂಬಳಿಯಂತೆ ಹೆಣೆದುಕೊಂಡಿತ್ತು. ತಳದಲ್ಲಿ ಕಪ್ಪುಗೆಂಪು ಹೂಳು: ಹೆಂಚಿನ ಪುಡಿ, ಪಾಚಿ, ಬೀದಿಯ ಕೆಂಧೂಳು.

ಈ ಹೂಳನ್ನು ಸುಮ್ಮನೆ ಎತ್ತಿ ಹಾಕಬೇಡಿ, ಮೊದಲು ಅಳೆಯಿರಿ. ಪಶ್ಚಿಮದ ತುದಿಯಿಂದ 14 ಅಡಿಯಲ್ಲಿ ಒಂದೂವರೆ ಇಂಚು, 22 ಅಡಿಯಲ್ಲಿ ಒಂದಿಂಚು ಇತ್ತು. ಇಳಿಪೈಪಿನ ಹತ್ತಿರ ಬರೀ ಒಂದು ಗೆರೆಯಷ್ಟು. ದೋಣಿ ಎಲ್ಲಿ ಜೋತಿದೆಯೋ ಅಲ್ಲೇ ಹೂಳು ದಪ್ಪ ಕೂರುತ್ತದೆ. ಎರಡೂ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟದ್ದು ಮರುದಿನ ಕೆಲಸಕ್ಕೆ ಬಂತು.

18 ಅಡಿಯಲ್ಲಿ ದೋಣಿಯ ಎರಡು ತುಂಡು ಅಂಟಿಸಿದ ಜೋಡಣೆ. ಅದರ ಬಿರುಕಿನಿಂದ ಗೇಣುದ್ದದ ಅರಳಿ ಸಸಿ ಎದ್ದಿತ್ತು. ಎಲೆ ನಾಲ್ಕೇ, ಬೇರು ಹದಿನಾಲ್ಕು ಇಂಚು. ಬಿರುಕಿನಲ್ಲಿ ಕಾಗದದಂತೆ ಚಪ್ಪಟೆಯಾಗಿ ನುಸುಳಿ, ಹೊರಬಿದ್ದ ಮೇಲೆ ಮತ್ತೆ ದಾರದಂತೆ ಗುಂಡಗಾಗಿ, ಗೋಡೆಯ ಗಾರೆಯ ಕಡೆಗೆ ತಿರುಗಿತ್ತು. ಜಗ್ಗಿ ಕೀಳದೆ ಬ್ಲೇಡಿನಿಂದ ಎರಡೂ ಬದಿ ಕೊಯ್ದು ತೆಗೆದದ್ದು. ಜಗ್ಗಿದ್ದರೆ ಜೋಡಣೆಯೇ ಕಿತ್ತು ಬರುತ್ತಿತ್ತು. ಗಾರೆಯೊಳಗೆ ಚೂರು ಬೇರು ಬಿಟ್ಟರೂ ಅರಳಿ ಮತ್ತೆ ಚಿಗುರುತ್ತದೆ, ಆದ್ದರಿಂದ ಅಲ್ಲಿ ಎರಡಿಂಚು ಗಾರೆ ಕೆತ್ತಿ ಬೇರಿನ ತುದಿ ಕಂಡ ಮೇಲೆ ಮುಚ್ಚಿದ್ದು.

ಅಂಚಿನ ಸಾಲಿನಲ್ಲಿ ಒಡೆದ ಹೆಂಚು 14. ಹೊಸದು ತರುವ ಮುಂಚೆ ಹಳೆಯದರ ಬೆನ್ನು ನೋಡಬೇಕು, ಕಾರ್ಖಾನೆಯ ಮುದ್ರೆ ಅಲ್ಲಿರುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಅದೇ ಮಾದರಿಯಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು, ಗೋವಾದ ಮನೆಗಳ ಮೇಲೆ ಎಲ್ಲ ಬಗೆಯವೂ ಇವೆ. ನೋಡಲು ಒಂದೇ, ಆದರೆ ತೋಡು ಮತ್ತು ಏಣಿನ ಅಳತೆ ಕೂದಲೆಳೆಯಷ್ಟು ಬೇರೆ. ಬೇರೆ ಮುದ್ರೆಯ ಹೆಂಚನ್ನು ನಡುವೆ ತುರುಕಿದರೆ ಪಕ್ಕದ ಎರಡು ಹೆಂಚು ಎದ್ದು ನಿಲ್ಲುತ್ತವೆ. ಒಂದು ಹೆಂಚನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ, ಹಳೇ ಸಾಮಾನಿನ ಅಂಗಡಿಯಲ್ಲಿ ಒಂದೊಂದನ್ನೂ ಜೋಡಿಸಿ ನೋಡಿ ತಂದದ್ದು.

ಮೇ 4, ಭಾನುವಾರ: ನೀರು ಬಿಟ್ಟು ನೋಡಿದ್ದು

ಇಳಿಪೈಪಿನ ಬುಡದಲ್ಲಿ ಬಕೆಟ್ ಇಟ್ಟು, ಪಶ್ಚಿಮದ ತುದಿಯಲ್ಲಿ ಅಳೆದು 20 ಲೀಟರ್ ನೀರು ಸುರಿದದ್ದು. ಹತ್ತು ನಿಮಿಷದ ನಂತರ ಬಕೆಟ್ಟಿನಲ್ಲಿ ಬಂದದ್ದು 13 ಲೀಟರ್. ಉಳಿದದ್ದರಲ್ಲಿ ಸ್ವಲ್ಪ ಜೋಡಣೆಯಲ್ಲಿ ಸೋರಿತು, ಬಾಕಿ ಸೀಮೆಸುಣ್ಣದ ಗುರುತಿನ ಎರಡೂ ಜಾಗದಲ್ಲಿ ನಿಂತಿತು. ಬಾಗಲಕೋಟೆ ಕಡೆಯ ಗೌಂಡಿ ಏಣಿ ಹತ್ತಿ ನೋಡಿ ಒಂದೇ ಮಾತು ಹೇಳಿದ: “ಇದು ಜೋತ ಬಿದ್ದೈತ್ರಿ. ಕಸಾ ಎಷ್ಟ ತಗದ್ರೂ ನೀರ ಇಲ್ಲೇ ನಿಲ್ತೈತಿ.”

ದೋಣಿಯನ್ನು ಹೊತ್ತ ಕ್ಲ್ಯಾಂಪುಗಳ ನಡುವಿನ ಅಂತರ 4 ಅಡಿ, ಒಟ್ಟು ಹತ್ತೇ ಕ್ಲ್ಯಾಂಪು. ಈ ಅಳತೆಯ ದೋಣಿ ತುಂಬಿದಾಗ ಮೀಟರಿಗೆ ಸುಮಾರು 9 ಕೆ.ಜಿ. ನೀರು ಹೊರುತ್ತದೆ, ಒದ್ದೆ ಹೂಳು ಬೇರೆ. 4 ಅಡಿಗೆ ಪಿವಿಸಿ ತಡೆಯುವುದಿಲ್ಲ. 2 ಅಡಿಗೊಂದು ಬೇಕು. ನಿಂತ ನೀರಿಗೆ ಇನ್ನೊಂದು ಕೇಡೂ ಇದೆ: ವಾರ, ಹತ್ತು ದಿನ ನಿಂತರೆ ಡೆಂಗ್ಯೂ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬಂದಿರುತ್ತದೆ, ದೋಣಿಯ ಒಳಗನ್ನು ಕೆಳಗಿನಿಂದ ಯಾರೂ ನೋಡುವುದಿಲ್ಲ.

ಇಳಿಪೈಪಿನ ಲೆಕ್ಕ ಅಂದೇ ಹಾಕಿದ್ದು. ಮುಂದಿನ ಮಾಡು ನೆಲದ ಅಳತೆಯಲ್ಲಿ 36 ಅಡಿ ಉದ್ದ, 16 ಅಡಿ ಅಗಲ. ಸುಮಾರು 53 ಚದರ ಮೀಟರ್. ಗಂಟೆಗೆ 100 ಮಿ.ಮೀ. ವೇಗದ ಮಳೆಗೆ ನಿಮಿಷಕ್ಕೆ ಸುಮಾರು 90 ಲೀಟರ್ ನೀರು. ಆ ಮಳೆಗೆ 75 ಮಿ.ಮೀ. ಪೈಪು ಸುಮಾರು 20 ಚದರ ಮೀಟರ್ ಮಾಡನ್ನು ಮಾತ್ರ ಸಂಭಾಳಿಸುತ್ತದೆ, 100 ಮಿ.ಮೀ.ನದು ಸುಮಾರು 42. ಅಂದರೆ ಈ ದೋಣಿ ಕನ್ನಡಿಯಂತೆ ಹೊಳೆಯುತ್ತಿದ್ದರೂ ಜುಲೈ ಮಳೆಗೆ ಉಕ್ಕುತ್ತಲೇ ಇತ್ತು. ಗೋವಾದಲ್ಲಿ ಮುಂಗಾರಿನ ನಾಲ್ಕು ತಿಂಗಳಿಗೆ ಸುಮಾರು 3000 ಮಿ.ಮೀ. ಮಳೆ, ಈ ಒಂದು ಸೂರಿನಿಂದಲೇ ಒಂದೂವರೆ ಲಕ್ಷ ಲೀಟರಿಗಿಂತ ಹೆಚ್ಚು ನೀರು ಇಳಿಯುತ್ತದೆ. ಎರಡು ತುದಿಗೆ ಎರಡು 110 ಮಿ.ಮೀ. ಪೈಪು ಬೇಕೇ ಬೇಕು.

ಮೇ 10 ಮತ್ತು 11: ತೇಪೆ, ದುಡ್ಡು ದಂಡ

ಹೊಸದಕ್ಕೆ ಕೈ ಹಾಕುವ ಬದಲು ಜೋಡಣೆಗೆ ತೇಪೆ ಹಾಕಿ, ಕ್ಲ್ಯಾಂಪು ಹೆಚ್ಚಿಸಿ ಈ ವರ್ಷ ದೂಡೋಣ ಎಂದು ಮಾಡಿದ್ದು ತಪ್ಪಾಯಿತು. ಬಿರುಕಿಗೆ ಸಿಲಿಕೋನ್ ಎರಡು ಟ್ಯೂಬು ತುಂಬಿದ್ದು. ಹಳೆಯ ಪಿವಿಸಿ ಮೇಲ್ಮೈ ಬಿಸಿಲಿಗೆ ಪುಡಿಪುಡಿಯಾಗಿತ್ತು. ಉಜ್ಜುಕಾಗದ ಹಾಕಿ ಉಜ್ಜದೆ ಹಚ್ಚಿದ್ದರಿಂದ ಸಿಲಿಕೋನ್ ಮರುದಿನ ಪಟ್ಟಿಯಂತೆ ಸಿಪ್ಪೆ ಎದ್ದು ಬಂತು. ಉಜ್ಜಿ ಮತ್ತೆ ಹಚ್ಚಿದಾಗ ಹಿಡಿಯಿತು, ಆದರೆ ಭಾನುವಾರ ಮಧ್ಯಾಹ್ನ ನೋಡಿದಾಗ ಪಕ್ಕದಲ್ಲೇ ಹೊಸ ಬಿರುಕು.

ಕಾರಣ ಸರಳ. ಪಿವಿಸಿ ಬಿಸಿಲಿಗೆ ಹಿಗ್ಗುತ್ತದೆ. 6 ಮೀಟರ್ ಉದ್ದದ ತುಂಡು ರಾತ್ರಿಗೂ ಮಧ್ಯಾಹ್ನಕ್ಕೂ 25 ಡಿಗ್ರಿ ವ್ಯತ್ಯಾಸವಾದರೆ ಸುಮಾರು ಒಂದು ಸೆಂಟಿಮೀಟರ್ ಉದ್ದವಾಗುತ್ತದೆ. ಎರಡೂ ತುದಿ ಬಿಗಿದು, ನಡುವೆ ಅಂಟಿಸಿದರೆ ಆ ಎಳೆತ ಎಲ್ಲ ಜೋಡಣೆಯ ಮೇಲೆ. ಗಟ್ಟಿ ಇಪಾಕ್ಸಿ ಮುದ್ದೆ ಹಚ್ಚಿದ್ದರೆ ಇನ್ನೂ ಬೇಗ ಸೀಳುತ್ತಿತ್ತು. ಜೋಡಣೆಯನ್ನು ನೀರು ಹರಿಯದ ಜಾಗಕ್ಕೇ ಸರಿಸುವುದು ಒಂದೇ ದಾರಿ: ದೋಣಿಯ ನೆತ್ತಿ ನಡುವೆ, ಇಳಿಜಾರು ಎರಡೂ ಕಡೆಗೆ. ನೆತ್ತಿಯಲ್ಲಿ ಅಂಟಿಲ್ಲದೆ ಒಂದರೊಳಗೊಂದು ಆರಿಂಚು ಕೂರಿಸಿದರೆ ಸಾಕು, ಅಲ್ಲಿ ನೀರು ನಿಲ್ಲುವ ಮಾತೇ ಇಲ್ಲ, ಹಿಗ್ಗಲು ಜಾಗವೂ ಆಯಿತು.

ಮೇ 17, ಶನಿವಾರ: ಸೀಳಿದ್ದು

6 ಮೀಟರಿನ 160 ಮಿ.ಮೀ. ಪೈಪು ಒಂದು ತಂದರೆ ಎರಡು ಹೋಳಾಗಿ 12 ಮೀಟರ್ ದೋಣಿ. 36 ಅಡಿಗೆ 11 ಮೀಟರ್ ಸಾಕು. ಪೈಪು ಉರುಳದಂತೆ ಎರಡು ಇಟ್ಟಿಗೆ ಸಾಲಿನ ನಡುವೆ ಇಟ್ಟು, ದಾರಕ್ಕೆ ಸುಣ್ಣ ಬಳಿದು ಎರಡೂ ಬದಿ ಗೆರೆ ಹೊಡೆದದ್ದು.

ಮೊದಲ ಮೂರು ಅಡಿ ಗ್ರೈಂಡರಿನಲ್ಲಿ ಕೊಯ್ದದ್ದು ಕೆಟ್ಟಿತು. ಬ್ಲೇಡಿನ ಬಿಸಿಗೆ ಪಿವಿಸಿ ಕರಗಿ, ಹಿಂದೆಯೇ ಮತ್ತೆ ಅಂಟಿಕೊಂಡು, ಅಂಚು ಮುದ್ದೆಯಾಯಿತು. ಹೊಗೆ ಗಂಟಲು ಸುಡುತ್ತದೆ. ಬಡಗಿಯ ಕೈ ಗರಗಸದಲ್ಲಿ ಉಳಿದದ್ದನ್ನು ಕೊಯ್ದಾಗ ಒಂದು ಬದಿಗೆ 40 ನಿಮಿಷ ಹಿಡಿದರೂ ಅಂಚು ನೇರ ಬಂತು. ಸೀಳಿದ ಮೇಲೆ ಹೋಳಿನ ಬಾಯಿ ಒಳಗೆ ಮುದುಡಿತು, 160 ಇದ್ದದ್ದು 148 ಮಿ.ಮೀ. ಆಯಿತು. ಪೈಪಿನಲ್ಲಿ ತಯಾರಿಕೆಯಿಂದಲೇ ಉಳಿದ ಬಿಗಿತ ಅದು. ಗಾಬರಿ ಬೇಡ, ಕ್ಲ್ಯಾಂಪಿನ ಕೊಕ್ಕೆ ಅದನ್ನು ಮತ್ತೆ ಅಗಲಿಸಿ ಹಿಡಿಯುವಂತೆ ಬಾಗಿಸಬೇಕು.

ನೀರಿಳಿಯುವ ಬಾಯಿಗೆ ಅಂಗಡಿಯಲ್ಲಿ ಆರಿಂಚಿನ ದೋಣಿಯ ಸಿದ್ಧ ಔಟ್‌ಲೆಟ್ ಎರಡು ತಂದದ್ದು ಹೊಂದಲಿಲ್ಲ. ಪೈಪಿನ 160 ಹೊರ ಅಳತೆ, ಸಿದ್ಧ ದೋಣಿಯ ಅಳತೆ ಬೇರೆ. ಅಂಟು ತಾಗಿದ್ದರಿಂದ ವಾಪಸೂ ತೆಗೆದುಕೊಳ್ಳಲಿಲ್ಲ. ಗೌಂಡಿ ತೋರಿಸಿದ ಉಪಾಯ ಇದು: 160×110 ರೆಡ್ಯೂಸಿಂಗ್ ಟೀಯನ್ನು (160ರ ಪೈಪಿಗೆ ಅಡ್ಡಲಾಗಿ 110ರ ಕೊಳವೆ ಕೂಡುವ ಜೋಡಣೆ ತುಂಡು) ಉದ್ದಕ್ಕೆ ಸೀಳಿ, 110ರ ಕೊಳವೆ ಇರುವ ಅರ್ಧವನ್ನು ಉಳಿಸಿಕೊಳ್ಳುವುದು. ಕೊಳವೆ ಕೆಳಗೆ ಮಾಡಿದರೆ ಅರ್ಧ ಟೀಯೇ ದೋಣಿಗೆ ತೊಟ್ಟಿಲಾಗುತ್ತದೆ. ಟೀಯ ಹೊರಬಾಯಿಗೆ ನಾಲ್ಕಿಂಚು ದೋಣಿ ತುಂಡು, ಅದಕ್ಕೆ ಅರ್ಧ ಕತ್ತರಿಸಿದ ಎಂಡ್ ಕ್ಯಾಪ್. ಒಂದು ಕ್ಯಾಪಿನಲ್ಲಿ ಎರಡೂ ತುದಿ ಮುಗಿಯಿತು. ಅಂಟು ಹಚ್ಚುವ ಮುಂಚೆ ಉಜ್ಜುಕಾಗದ, ಒಣ ಬಟ್ಟೆ. ಹಚ್ಚಿದ ಮೇಲೆ ಒಂದು ನಿಮಿಷ ಅದುಮಿ ಹಿಡಿಯಬೇಕು.

ಮೇ 18, ಭಾನುವಾರ: ಏರಿಸಿದ್ದು

ಹಳೆಯ ಹತ್ತು ಕ್ಲ್ಯಾಂಪು ಉಜ್ಜಿ ರೆಡ್ ಆಕ್ಸೈಡ್ ಬಳಿದದ್ದು, ಹೊಸ ಒಂಬತ್ತನ್ನು ವೆಲ್ಡಿಂಗ್ ಅಂಗಡಿಯಲ್ಲಿ 25×3 ಮಿ.ಮೀ. ಪಟ್ಟಿಯಿಂದ ಮಾಡಿಸಿದ್ದು. ಪಕ್ಕಾಸುಗಳು (ಮಾಡನ್ನು ಹೊರುವ ಓರೆ ಮರಗಳು) 2 ಅಡಿಗೊಂದು ಇರುವುದರಿಂದ ಪ್ರತಿ ಪಕ್ಕಾಸಿನ ಮಗ್ಗುಲಿಗೂ ಒಂದು ಕ್ಲ್ಯಾಂಪು, ಎರಡೆರಡು ಸ್ಟೀಲ್ ಸ್ಕ್ರೂ. ಒಂದು ಪಕ್ಕಾಸಿನ ತುದಿ ಮೆತ್ತಗಾಗಿತ್ತು, ಸ್ಕ್ರೂ ಬೆರಳಿನಿಂದಲೇ ತಿರುಗುತ್ತಿತ್ತು. ಅದಕ್ಕೆ ಎರಡು ಅಡಿ ಮತ್ತಿ ಮರದ ತುಂಡು ಜೋಡಿಸಿ ಬೋಲ್ಟ್ ಹಾಕಿದ್ದು.

ಇಲ್ಲಿ ದೊಡ್ಡ ತಪ್ಪಾಯಿತು. ಮೊದಲ ಎಂಟು ಕ್ಲ್ಯಾಂಪುಗಳನ್ನು ಹೆಂಚಿನ ಅಂಚಿಗೆ ಸಮನಾಗಿ ಕಣ್ಣಳತೆಯಲ್ಲಿ ಹೊಡೆದದ್ದು. ಲೆವೆಲ್ ಪೈಪು ಹಿಡಿದು ನೋಡಿದರೆ ಸೂರೇ ಒಂದು ಕಡೆ ಒಂದಿಂಚು ಇಳಿದಿದೆ. ಹಳೆಯ ಮನೆಯ ಸೂರು ಎಂದೂ ಲೆವೆಲ್ಲಿಗಿರುವುದಿಲ್ಲ. ಎಂಟನ್ನೂ ಬಿಚ್ಚಿ, ನೀರು ತುಂಬಿದ ಪಾರದರ್ಶಕ ಪೈಪಿನಿಂದ ನಡುವಿನ ಗುರುತು ಮತ್ತು ಎರಡು ತುದಿಯ ಗುರುತು ಹಾಕಿ, ದಾರ ಬಿಗಿದು, ಆಮೇಲೆ ಹೊಡೆದದ್ದು. ಪೈಪಿನೊಳಗೆ ಗಾಳಿಗುಳ್ಳೆ ಒಂದೂ ಇರಬಾರದು. ಇಳಿಜಾರು 10 ಅಡಿಗೆ ಮುಕ್ಕಾಲು ಇಂಚು. 18 ಅಡಿಗೆ 34 ಮಿ.ಮೀ.

ಹೆಂಚಿನ ಮೂತಿ ದೋಣಿಯೊಳಗೆ ಎರಡಿಂಚು ಬರಬೇಕು. ಹೆಚ್ಚಾದರೆ ಜೋರು ಮಳೆಯಲ್ಲಿ ನೀರು ದೋಣಿ ಹಾರಿ ಅಂಗಳಕ್ಕೆ ಬೀಳುತ್ತದೆ, ಕಡಿಮೆಯಾದರೆ ಹೆಂಚಿನಡಿ ಹರಿದು ಪಕ್ಕಾಸಿಗೆ ಹೋಗುತ್ತದೆ. ದೋಣಿಯ ಗೋಡೆ ಕಡೆಯ ಅಂಚು ಹೊರ ಅಂಚಿಗಿಂತ ಅರ್ಧ ಇಂಚು ಎತ್ತರ ಇಟ್ಟದ್ದು. ಎಂದಾದರೂ ತುಂಬಿ ಚೆಲ್ಲಿದರೂ ಅದು ಅಂಗಳಕ್ಕೇ ಚೆಲ್ಲಬೇಕು, ಗೋಡೆಗಲ್ಲ. ಹಳೆಯ ದೋಣಿಯಲ್ಲಿ ಇದು ತಿರುವುಮುರುವಾಗಿತ್ತು. ಕಿಟಕಿಯ ಮೇಲಿನ ಸುಣ್ಣ ಹಾಳಾದದ್ದು ಇದರಿಂದಲೇ.

ಇಳಿಪೈಪುಗಳನ್ನು 45 ಡಿಗ್ರಿಯ ಎರಡೆರಡು ಬೆಂಡ್ ಹಾಕಿ ಗೋಡೆಗೆ ತಂದದ್ದು, ಬುಡದಲ್ಲಿ ಡೋರ್ ಬೆಂಡ್. ಕಟ್ಟಿಕೊಂಡರೆ ಆ ಬಾಗಿಲು ತೆಗೆದು ಕೈ ಹಾಕಬಹುದು. ಕೊನೆಯ ಬಾಯಿ ಚರಂಡಿಗಿಂತ ಆರಿಂಚು ಮೇಲಿದೆ, ನೀರು ಎಷ್ಟು ಬರುತ್ತಿದೆ ಎಂದು ಬಾಗಿಲಿನಿಂದಲೇ ಕಾಣುತ್ತದೆ. ಸಂಜೆ ನೆತ್ತಿಯ ಎರಡೂ ಬದಿಗೆ ಹತ್ತತ್ತು ಲೀಟರ್ ಸುರಿದಾಗ ಎರಡೂ ಕಡೆ ಪೂರ್ತಿ ಇಳಿದು ಬಂತು, ತಳದಲ್ಲಿ ಬರೀ ತೇವ.

ಎಲೆ ಬೀಳದಂತೆ ಇಡೀ ಉದ್ದಕ್ಕೆ ಸೊಳ್ಳೆ ಜಾಳಿ ಹೊದಿಸಿ ಆ ದಿನ ಮುಗಿಸಿದ್ದು.

ಮೇ 20ರಿಂದ 25: ಮಳೆ ಬಂದು ಪರೀಕ್ಷಿಸಿತು

ಸಾಮಾನ್ಯವಾಗಿ ಗೋವಾಕ್ಕೆ ಮುಂಗಾರು ಜೂನ್ ಮೊದಲ ವಾರ. ಈ ವರ್ಷ ಅದಕ್ಕೂ ಮುಂಚೆಯೇ ಮಳೆ ಹಿಡಿಯಿತು. ಮುಂಗಾರು ಮೇ 24ಕ್ಕೆ ಕೇರಳ ಮುಟ್ಟಿ, 26ಕ್ಕೆ ಮುಂಬೈಯಲ್ಲಿತ್ತು. ಮಿರಗದ (ಮೃಗಶಿರಾ ಮಳೆಯ) ಹೊತ್ತಿಗೆ ಮಾಡಿದರಾಯಿತು ಎಂದು ಕೂತವರ ದೋಣಿಗಳೆಲ್ಲ ಕಸದೊಂದಿಗೇ ಮಳೆಗೆ ಸಿಕ್ಕವು. ಇನ್ನು ಮೇಲೆ ಮೇ 10ರೊಳಗೆ ತೊಳೆದು ಮುಗಿಸುವುದು ಎಂದು ಬರೆದಿಟ್ಟಿದೆ.

ದೋಣಿ ನಿಂತಿತು, ಜಾಳಿ ಕೆಡಿಸಿತು. ಹೆಂಚಿನಿಂದ ತೊಳೆದು ಬಂದ ಪಾಚಿ ಪುಡಿ ಮತ್ತು ಗುಲ್‌ಮೊಹರ್ ಎಲೆ ಜಾಳಿಯ ಕಣ್ಣು ಮುಚ್ಚಿ, ನೀರು ಅದರ ಮೇಲೆ ಜಾರಿ ನೇರ ಅಂಗಳಕ್ಕೆ. ಪೂರ್ವದ ಅರ್ಧ ಮಾತ್ರ ಜಾಳಿ ಕಿತ್ತು ಮೂರು ದಿನ ಎರಡನ್ನೂ ಹೋಲಿಸಿದ್ದು. ಕಿತ್ತ ಕಡೆ ಪೈಪಿನ ಬಾಯಿ ತುಂಬ ನೀರು, ಜಾಳಿ ಇದ್ದ ಕಡೆ ಬೆರಳು ದಪ್ಪದ ಧಾರೆ. 25ರ ಭಾನುವಾರ ಉಳಿದದ್ದನ್ನೂ ತೆಗೆದು, 12 ಮಿ.ಮೀ. ಕಣ್ಣಿನ ವೆಲ್ಡ್ ಜಾಳಿಯ ಹತ್ತಿಂಚು ಚೌಕವನ್ನು ಬುಟ್ಟಿಯಂತೆ ಬಾಗಿಸಿ ಎರಡು ಬಾಯಿಗಳ ಮೇಲೆ ಮಾತ್ರ ಕವಚಿದ್ದು. ಎಲೆ ಅದಕ್ಕೆ ತಡೆದು ನಿಂತರೂ ಬುಟ್ಟಿಯ ಮೇಲ್ಭಾಗದಿಂದ ನೀರು ಹೋಗುತ್ತದೆ.

ಖರ್ಚು

160 ಪೈಪು 2,750. ಟೀ ಎರಡು 960. ಎಂಡ್ ಕ್ಯಾಪ್ 170. 110 ಪೈಪು ಹತ್ತಡಿಯವು ಎರಡು 1,440. ಬೆಂಡುಗಳು 740. ಗೋಡೆ ಕ್ಲ್ಯಾಂಪು ಆರು 240. ಪಟ್ಟಿ ಕ್ಲ್ಯಾಂಪು ಒಂಬತ್ತು 675. ಅಂಟು, ಸ್ಕ್ರೂ 430. ಬಣ್ಣ 320. ಹೆಂಚು 14ಕ್ಕೆ 490. ಗೌಂಡಿಗೆ ಎರಡು ದಿನದ್ದು 2,200, ಕೈಯಾಳಿಗೆ ಒಂದು ದಿನ 800. ಒಟ್ಟು 11,215 ರೂಪಾಯಿ. ಇದರ ಮೇಲೆ ದಂಡವಾದದ್ದು: ಸಿಲಿಕೋನ್ 520, ಸೊಳ್ಳೆ ಜಾಳಿ 640, ಹೊಂದದ ಔಟ್‌ಲೆಟ್ 420, ಕೂಡಿದರೆ 1,580. ಮತ್ತಿ ಮರ, ವೆಲ್ಡ್ ಜಾಳಿ ಮನೆಯಲ್ಲೇ ಇದ್ದವು.

ಮಳೆಗಾಲದ ದಾಖಲೆ

ಜೂನ್ 8: ತಳದಲ್ಲಿ 3 ಮಿ.ಮೀ. ಹೂಳು, ಎರಡೂ ಬದಿ ಸಮ. ಹಸಿ ಹೂಳನ್ನು ಪೊರಕೆಯಿಂದ ಬಾಯಿಯ ಕಡೆ ಗುಡಿಸದೆ ಡಬ್ಬಿಯಲ್ಲಿ ಎತ್ತಿದ್ದು. 25 ನಿಮಿಷದ ಕೆಲಸ.

ಜುಲೈ 6: ಪಶ್ಚಿಮದ ಬಾಯಿಂದ ನೀರು ಕಡಿಮೆ. ಬುಟ್ಟಿಯ ಸುತ್ತ ತೆಂಗಿನ ಹೊಂಬಾಳೆಯ ಸಿಪ್ಪೆ ಸುತ್ತಿಕೊಂಡಿತ್ತು. ಮಳೆ ನಿಂತ ಹೊತ್ತಿನಲ್ಲಿ ಬಿದಿರು ಗಳುವಿಗೆ ಕೊಕ್ಕೆ ಕಟ್ಟಿ ನೆಲದಿಂದಲೇ ಎಳೆದದ್ದು. ಒದ್ದೆ ಅಂಗಳದಲ್ಲಿ, ಪಾಚಿಯ ಮೇಲೆ ಏಣಿ ಇಡುವುದು ಬೇಡವೇ ಬೇಡ.

ಆಗಸ್ಟ್ 24: ಚೌತಿಗೆ ಮೂರು ದಿನ ಮುಂಚೆ. ಡೋರ್ ಬೆಂಡ್ ತೆಗೆದಾಗ ಒಂದು ಹಿಡಿ ಹೆಂಚಿನ ಚೂರು, ಅಷ್ಟೇ. ಮತ್ತಿ ಮರ ಜೋಡಿಸಿದ ಪಕ್ಕಾಸಿನ ಕ್ಲ್ಯಾಂಪು 4 ಮಿ.ಮೀ. ಇಳಿದಿತ್ತು, ಬೋಲ್ಟ್ ಬಿಗಿದದ್ದು.

ಅಕ್ಟೋಬರ್ 26: ಪೂರ್ತಿ ಒಣಗಿದ ಮೇಲೆ ಕಸ ತೆಗೆದದ್ದು, ಅರ್ಧ ಗೋಣಿಚೀಲ. ನೆತ್ತಿಯ ಜೋಡಣೆಯಲ್ಲಿ ಹಾಕಿದ್ದ ಪೆನ್ಸಿಲ್ ಗೆರೆ 7 ಮಿ.ಮೀ. ಸರಿದಿದೆ, ಅಂದರೆ ಹಿಗ್ಗಿ ಕುಗ್ಗುತ್ತಿದೆ. ಗಾರೆ ಕೆತ್ತಿದ್ದ ಜಾಗದಲ್ಲಿ ಅರಳಿ ಚಿಗುರಿಲ್ಲ. ಕಿಟಕಿಯ ಮೇಲಿನ ಉಬ್ಬಿದ ಸುಣ್ಣ ಕೆರೆದು ಚಿರೇಕಲ್ಲು ಬಿಟ್ಟಿದೆ. ಅದು ಒಳಗಿನಿಂದ ಒಣಗಲು ಇನ್ನೂ ಆರು ವಾರ ಬೇಕು, ಸುಣ್ಣ ಡಿಸೆಂಬರಿನಲ್ಲಿ.